ಫ್ಲೂ ವ್ಯಾಕ್ಸಿನ್ ಆರ್ಡರ್ ಮಾಡೋದು, ಸ್ಟಾಕ್ ನೋಡ್ಕೊಳ್ಳೋದು: ಸಣ್ಣ ಕ್ಲಿನಿಕ್ ನಡೆಸೋರಿಗೆ

ಏಪ್ರಿಲ್ ಬರ್ತಿದ್ದ ಹಾಗೇ ಮಕ್ಕಳ ಕ್ಲಿನಿಕ್‌ಗಳಿಗೆ ಫೋನ್ ಶುರುವಾಗತ್ತೆ, "ಈ ವರ್ಷದ ಫ್ಲೂ ಇಂಜೆಕ್ಷನ್ ಬಂತಾ" ಅಂತ. ಕೆಲವು ಕಡೆ ಬಂದಿರಲ್ಲ, ಇನ್ನು ಕೆಲವು ಕಡೆ ಬೇಕಾದ್ದಕ್ಕಿಂತ ಜಾಸ್ತಿ ಬಂದು ಫ್ರಿಜ್ಜಲ್ಲಿ ಜಾಗ ಇರಲ್ಲ, ಡಿಸೆಂಬರ್ ಹೊತ್ತಿಗೆ ಅದೇ ಡಬ್ಬಿಗಳು ಎಕ್ಸ್‌ಪೈರಿ ಹತ್ರ ಬಂದು ಕೂತಿರ್ತವೆ. ಎರಡಕ್ಕೂ ಕಾರಣ ಒಂದೇ, ಆರ್ಡರ್ ಕೊಡುವಾಗ ನಮ್ಮ ರಿಜಿಸ್ಟರ್ ನೋಡದೆ ಸ್ಕೀಮ್ ನೋಡೋದು. ಇಷ್ಟು ತಗೊಂಡ್ರೆ ಇಷ್ಟು ಫ್ರೀ ಅಂತ ಕಂಪನಿಯೋರು ಹೇಳಿದ್ ಕೂಡ್ಲೇ ಹೂಂ ಅಂದ್ಬಿಡ್ತೀವಿ. ಬೇರೆ ಔಷಧಿ ಆದ್ರೆ ಉಳಿದಿದ್ದು ಮುಂದಿನ ವರ್ಷಕ್ಕಾಗತ್ತೆ. ಫ್ಲೂ ವ್ಯಾಕ್ಸಿನ್ ಹಾಗಲ್ಲ, ವೈರಸ್ಸು ವರ್ಷ ವರ್ಷ ಬದಲಾಗತ್ತೆ, ಅದಕ್ಕೆ ತಕ್ಕ ಹಾಗೆ ಒಳಗಿರೋ ಸ್ಟ್ರೇನೂ, ಅಂದ್ರೆ ವೈರಸ್ಸಿನ ಬಗೆಯೂ, ಬದಲಾಗತ್ತೆ, ಶೆಲ್ಫ್ ಲೈಫೂ ಸಾಮಾನ್ಯವಾಗಿ ತಯಾರಾದಾಗಿಂದ ಒಂದು ವರ್ಷದ ಆಸುಪಾಸು ಅಷ್ಟೇ, ಅದರಲ್ಲಿ ಎಷ್ಟೋ ತಿಂಗಳು ನಮ್ಮ ಕೈಗೆ ಬರೋ ಮೊದಲೇ ಹೋಗಿರತ್ತೆ.

ಹಾಗಾಗಿ ಮೊದಲು ಯಾವಾಗ ಏನು ಬರತ್ತೆ ಅನ್ನೋದು ಗೊತ್ತಿರ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯೋರು ವರ್ಷಕ್ಕೆ ಎರಡು ಸಲ ಸ್ಟ್ರೇನ್ ಯಾವುದಿರ್ಬೇಕು ಅಂತ ಹೇಳ್ತಾರೆ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಮ್ಯಾಪಲ್ಲಿ ನಾವು ಉತ್ತರದಲ್ಲೇ ಇದ್ದೀವಿ, ಆದ್ರೆ ನಮ್ಮಲ್ಲಿ ಫ್ಲೂ ಜೋರಾಗೋದು ಮಳೆಗಾಲದಲ್ಲಿ, ಇನ್ನೊಂದು ಸಲ ಜನವರಿಯಿಂದ ಮಾರ್ಚ್ ಒಳಗೆ. ಕಾಶ್ಮೀರದ ಕಡೆ ಚಳಿಗಾಲದಲ್ಲಿ ಬರೋ ಹಾಗೆ ಇಲ್ಲಿಲ್ಲ. ಅದಕ್ಕೇ ಕರ್ನಾಟಕದಲ್ಲಿ ಮಳೆ ಹಿಡಿಯೋ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ದಕ್ಷಿಣ ಗೋಳಾರ್ಧದ ವ್ಯಾಕ್ಸಿನ್ ಹಾಕೋದು ರೂಢಿ. ಇಂಜೆಕ್ಷನ್ ಹಾಕಿದ ಮೇಲೆ ರಕ್ಷಣೆ ಬರೋಕೆ ಎರಡು ವಾರ ಬೇಕು, ಹೊಸದಾಗಿ ಹಾಕಿಸ್ಕೊಳ್ಳೋ ಮಕ್ಕಳಿಗೆ ಎರಡನೇ ಡೋಸ್ ಮೊದಲನೇದು ಹಾಕಿ ನಾಲ್ಕು ವಾರ ಆದ್ಮೇಲೆ, ಅಂದ್ರೆ ಜೂನ್‌ನಲ್ಲಿ ಸ್ಕೂಲ್ ಶುರುವಾಗೋ ಹೊತ್ತಿಗೆ ಎರಡೂ ಮುಗಿದಿರ್ಬೇಕು ಅಂದ್ರೆ ಏಪ್ರಿಲ್ ಮಧ್ಯಕ್ಕೆ ಮೊದಲನೇದು ಬಿದ್ದಿರ್ಬೇಕು. ಮೇ ಕೊನೇಲಿ ಆರ್ಡರ್ ಕೊಟ್ರೆ ಆಗಲ್ಲ.

ಡಬ್ಬಿ ಮೇಲೆ ಎಸ್ಎಚ್ (ದಕ್ಷಿಣ ಗೋಳಾರ್ಧ) ಅಥವಾ ಎನ್ಎಚ್ (ಉತ್ತರ ಗೋಳಾರ್ಧ) ಅಂತ ವರ್ಷದ ಜೊತೆ ಬರ್ದಿರತ್ತೆ, ಅದನ್ನ ಓದೋ ಅಭ್ಯಾಸ ಸಿಸ್ಟರ್‌ಗೂ ಇರ್ಲಿ, ಫಾರ್ಮಸಿ ಹುಡುಗನಿಗೂ ಇರ್ಲಿ. ಮಾರ್ಚ್‌ನಲ್ಲಿ ಕೆಲವು ಸಲ ಹಿಂದಿನ ಎನ್ಎಚ್ ಸ್ಟಾಕೇ ಇನ್ನೂ ಓಡಾಡ್ತಿರತ್ತೆ, ಎಕ್ಸ್‌ಪೈರಿ ಇನ್ನೂ ಎರಡು ಮೂರು ತಿಂಗಳಿದೆ ಅಂತ ಡಿಸ್ಕೌಂಟಲ್ಲಿ ಕೊಡೋಕೆ ಬರ್ತಾರೆ, ಹೊಸದು ಇನ್ನೇನು ಬರೋದ್ರಲ್ಲಿದ್ದಾಗ ಅದನ್ನ ತಗೋಬೇಡಿ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ, ಪೋಷಕರು ಕೇಳ್ತಾರೆ ಅದಕ್ಕೆ ಹೇಳ್ತಿದ್ದೀನಿ. ಇಷ್ಟು ವರ್ಷ ನಾಲ್ಕು ಸ್ಟ್ರೇನ್ ಇರೋದು ಬರ್ತಿತ್ತು, ಈಗ ಮೂರಿರೋದೂ ಬರ್ತಿದೆ. ಬಿ ಯಮಗಾಟ ಅನ್ನೋ ಬಗೆಯ ವೈರಸ್ 2020ರ ಮಾರ್ಚ್ ಆದ್ಮೇಲೆ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ, ಹಾಗಾಗಿ ಅದನ್ನ ಬಿಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಿಂದ ಹೇಳ್ತಿದೆ. ಮೂರಿದ್ರೆ ಕಡಿಮೆ ಕ್ವಾಲಿಟಿ ಅಂತೇನಲ್ಲ. ಕೌಂಟರಲ್ಲಿ ಕೂತೋರಿಗೆ ಇಷ್ಟು ಗೊತ್ತಿದ್ರೆ ಅರ್ಧ ಗಲಾಟೆ ಅಲ್ಲೇ ಮುಗಿಯತ್ತೆ.

ಈಗ ಲೆಕ್ಕ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹೋದ ವರ್ಷದ ವ್ಯಾಕ್ಸಿನ್ ರಿಜಿಸ್ಟರ್ ತೆಗೆದು ಕೂತ್ಕೊಳ್ಳಿ, ಹೆಸರು ಹೆಸರಾಗಿ ಎಣಿಸಿ. ಹೋದ ವರ್ಷ ಕೋರ್ಸ್ ಮುಗಿಸಿರೋ ಮಕ್ಕಳಿಗೆ ಈ ವರ್ಷ ಒಂದೇ ಡೋಸ್. 6 ತಿಂಗಳು ತುಂಬಿ 9 ವರ್ಷ ಆಗದೇ ಇರೋ ಮಕ್ಕಳು ಮೊದಲ ಸಲ ಹಾಕಿಸ್ಕೊಳ್ತಿದ್ರೆ ಎರಡು. ಹೋದ ಸಲ ಒಂದು ಹಾಕಿಸ್ಕೊಂಡು ಎರಡನೇದಕ್ಕೆ ಬರದೇ ಇರೋರ ಹೆಸರಿಗೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ಡಾಕ್ಟ್ರಿಗೆ ತೋರಿಸಿ, ಈ ಸಲ ಎಷ್ಟು ಅಂತ ಅವರೇ ಹೇಳ್ಲಿ. ಅಸ್ತಮಾ ಇರೋರು, ಶುಗರ್ ಇರೋ ದೊಡ್ಡೋರು, ವಯಸ್ಸಾದ ಅಜ್ಜ ಅಜ್ಜಿ, ಗರ್ಭಿಣಿಯರು, ಇವರೂ ನಿಮ್ಮ ಕ್ಲಿನಿಕ್‌ಗೆ ಬರ್ತಾರೆ ಅಂದ್ರೆ ಅವರದ್ದು ಬೇರೆ ಲೆಕ್ಕ. ಸ್ಟಾಫನ್ನ ಮರೀಬೇಡಿ, ಕೆಮ್ಮೋ ಮಕ್ಕಳನ್ನ ದಿನಾ ಎತ್ಕೊಳ್ಳೋದು ಅವರೇ.

ಒಂದು ಉದಾಹರಣೆ ಹಾಕೋಣ. ಹೋದ ವರ್ಷದ ಮಕ್ಕಳು 80, ಎಲ್ಲರೂ ವಾಪಸ್ ಬರಲ್ಲ, ಮುಕ್ಕಾಲು ಪಾಲು ಬರ್ತಾರೆ ಅಂತ ಹಿಡಿದ್ರೆ 60 ಡೋಸ್. ಹೊಸ ಮಕ್ಕಳು 25, ಎರಡೆರಡು ಅಂದ್ರೆ 50. ದೊಡ್ಡೋರದ್ದು 20, ಸ್ಟಾಫ್ 6. ಒಟ್ಟು 136. ಈಗ 136ನ್ನೂ ಒಟ್ಟಿಗೆ ತರಿಸ್ಬೇಡಿ. ಹೊಸ ಮಕ್ಕಳ ಎರಡನೇ ಡೋಸ್ 25 ಹೇಗೂ ಮೊದಲ ತಿಂಗಳು ಬೇಕಾಗಲ್ಲ, ಉಳಿದೋರೂ ಒಂದೇ ವಾರದಲ್ಲಿ ಬರಲ್ಲ. ಮೊದಲು 60 ತರಿಸಿ, ಅದು 20ಕ್ಕೆ ಇಳಿದಾಗ ಇನ್ನು 50, ಮೂರನೇ ಆರ್ಡರ್ ಎಷ್ಟು ಅನ್ನೋದನ್ನ ಅವತ್ತಿನ ರಿಜಿಸ್ಟರ್ ನೋಡಿ ತೀರ್ಮಾನ ಮಾಡಿ. 20ಕ್ಕೇ ಯಾಕೆ ಅಂದ್ರೆ ಡಿಸ್ಟ್ರಿಬ್ಯೂಟರ್ ಮಾಲು ಕಳಿಸೋಕೆ ಎಷ್ಟು ದಿನ ತಗೋತಾರೋ ಅಷ್ಟು ದಿನಕ್ಕೆ ಸಾಕಾಗಿ ಮೇಲೆ ಸ್ವಲ್ಪ ಉಳೀಬೇಕು. ಬೆಂಗಳೂರಲ್ಲಿ ಬೆಳಿಗ್ಗೆ ಹೇಳಿದ್ರೆ ಸಂಜೆ ಬರತ್ತೆ, ತಾಲ್ಲೂಕು ಊರಲ್ಲಿ ನಾಲ್ಕೈದು ದಿನ ಆಗ್ಬಹುದು, ಅಲ್ಲಿ 20ರ ಬದಲು 30 ಇಟ್ಕೊಳ್ಳಿ. ಹಾಗೆ ಕಂತಲ್ಲಿ ತರಿಸಿದ್ರೆ ಸ್ಕೀಮ್ ಸಿಗಲ್ಲ ಅಂತಾರೆ, ಆದ್ರೆ ಇಡೀ ಸೀಸನ್‌ದು ಇಷ್ಟು ಅಂತ ಫೆಬ್ರವರಿಯಲ್ಲೇ ಬರೆದು ಕೊಟ್ಟು ಮಾಲು ಮಾತ್ರ ಮೂರು ಸಲ ಕಳಿಸಿ ಅಂತ ಕೇಳಿ, ಎಷ್ಟೋ ಡಿಸ್ಟ್ರಿಬ್ಯೂಟರ್‌ಗಳು ಒಪ್ತಾರೆ. ಅದೇ ಹೊತ್ತಲ್ಲಿ ಎಕ್ಸ್‌ಪೈರಿ ಆದ್ರೆ ವಾಪಸ್ ತಗೋತೀರಾ, ಎಷ್ಟು ತಿಂಗಳ ಮುಂಚೆ ಹೇಳ್ಬೇಕು, ದುಡ್ಡು ಕೊಡ್ತೀರಾ ಕ್ರೆಡಿಟ್ ನೋಟಾ, ಇದನ್ನೆಲ್ಲ ವಾಟ್ಸಾಪಲ್ಲಾದ್ರೂ ಬರೆಸ್ಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ಡಿಸೆಂಬರ್‌ನಲ್ಲಿ ಯಾರಿಗೂ ನೆನಪಿರಲ್ಲ.

ಮಾಲು ಬರೋ ದಿನ ತುಂಬ ಮುಖ್ಯ. ಶನಿವಾರ ಸಂಜೆ, ಹಬ್ಬದ ಹಿಂದಿನ ದಿನ ತರಿಸ್ಲೇಬೇಡಿ. ಡೆಲಿವರಿ ಹುಡುಗ ಥರ್ಮಾಕೋಲ್ ಡಬ್ಬ ತಂದು ಕೌಂಟರ್ ಮೇಲಿಟ್ಟು "ಸೈನ್ ಹಾಕಿ ಮೇಡಂ, ಲೇಟಾಯ್ತು" ಅಂತಾನೆ, ಅವನನ್ನ ಎರಡು ನಿಮಿಷ ನಿಲ್ಲಿಸ್ಕೊಳ್ಳಿ. ಡಬ್ಬ ತೆಗೆದ ಕೂಡ್ಲೇ ಥರ್ಮಾಮೀಟರ್ ಪ್ರೋಬ್ ಒಳಗೆ ಹಾಕಿ, 2ರಿಂದ 8 ಡಿಗ್ರಿ ಒಳಗಿರ್ಬೇಕು. ಜೆಲ್ ಪ್ಯಾಕ್ ಮುಟ್ಟಿ ನೋಡಿ, ಪೂರ್ತಿ ನೀರಾಗಿ ಬೆಚ್ಚಗಾಗಿದ್ರೆ ಒಂದು ಸಮಸ್ಯೆ, ಕಲ್ಲಿನ ಹಾಗೆ ಗಟ್ಟಿಯಾಗಿ ವ್ಯಾಕ್ಸಿನ್ ಡಬ್ಬಿಗೆ ಅಂಟ್ಕೊಂಡಿದ್ರೆ ಅದಕ್ಕಿಂತ ದೊಡ್ಡ ಸಮಸ್ಯೆ. ಬಿಸಿ ಆದ್ರೆ ಹಾಳು ಅಂತ ಎಲ್ಲರಿಗೂ ಗೊತ್ತು, ಫ್ರೀಜ್ ಆದ್ರೂ ಹಾಳು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರಿ ಟ್ರೇನಿಂಗ್‌ನಲ್ಲಿ ಶೇಕ್ ಟೆಸ್ಟ್ ಹೇಳ್ಕೊಟ್ಟಿರ್ತಾರೆ, ಬಾಟ್ಲಿ ಅಲ್ಲಾಡಿಸಿ ಗಸಿ ಹೇಗೆ ಇಳಿಯತ್ತೆ ಅಂತ ನೋಡೋದು. ಅದು ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಥರ ಅಲ್ಯೂಮಿನಿಯಂ ಇರೋ ವ್ಯಾಕ್ಸಿನ್‌ಗೆ ಮಾತ್ರ. ನಮ್ಮಲ್ಲಿ ಸಿಗೋ ಮಾಮೂಲಿ ಫ್ಲೂ ವ್ಯಾಕ್ಸಿನ್‌ನಲ್ಲಿ ಅದಿಲ್ಲ, ಹಾಗಾಗಿ ಫ್ರೀಜ್ ಆಗಿ ಕರಗಿದ್ದು ನೋಡೋಕೆ ಚೆನ್ನಾಗೇ ಇರತ್ತೆ, ಕಣ್ಣಲ್ಲಿ ನೋಡಿ ಕಂಡುಹಿಡಿಯೋಕಾಗಲ್ಲ. ಅನುಮಾನ ಬಂದ್ರೆ ವಾಪಸ್ ಕಳಿಸಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಷ್ಟು ಡಬ್ಬಿ, ಬಿಲ್ ಜೊತೆ ತಾಳೆ ನೋಡಿ ಆಮೇಲೆ ಸೈನ್. ಒಂದು ಸಲ ನಮಗೆ ಒಬ್ಬ ಡಿಸ್ಟ್ರಿಬ್ಯೂಟರ್ ಬಸ್ಸಲ್ಲಿ ಪಾರ್ಸಲ್ ಹಾಕಿ ಮಧ್ಯಾಹ್ನ ಸ್ಟ್ಯಾಂಡಿಗೆ ಹೋಗಿ ತಗೊಳ್ಳಿ ಅಂದಿದ್ರು, ಡಬ್ಬ ಡ್ರೈವರ್ ಪಕ್ಕ ಇಂಜಿನ್ ಮೇಲಿತ್ತು. ತಗೊಳ್ಳಲ್ಲ ಅಂತ ಫೋಟೋ ಸಮೇತ ವಾಪಸ್ ಮಾಡಿದ್ವಿ. ಬಸ್ಸಲ್ಲಿ ಕಳಿಸೋದಿದ್ರೆ ಮುಂಚೆ ಹೇಳ್ಬೇಕು, ಡಬ್ಬದೊಳಗೆ ದಾರಿಯುದ್ದಕ್ಕೂ ಟೆಂಪರೇಚರ್ ದಾಖಲಿಸೋ ಲಾಗರ್ ಇರ್ಬೇಕು ಅಂತ ಕೇಳೋದು ನಿಮ್ಮ ಹಕ್ಕು.

ಫ್ರಿಜ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಪಿಎಚ್‌ಸಿಗಳಲ್ಲಿ ಐಎಲ್ಆರ್, ಅಂದ್ರೆ ಸುತ್ತ ಐಸಿನ ಪದರ ಇರೋ ವ್ಯಾಕ್ಸಿನ್ ಫ್ರಿಜ್, ಇರತ್ತೆ, ಕರೆಂಟ್ ಹೋದ್ರೂ ಗಂಟೆಗಟ್ಲೆ ತಂಪು ಹಿಡ್ಕೊಳ್ಳತ್ತೆ, ಜೊತೆಗೆ 2015ರಿಂದ ಬಂದಿರೋ ಈವಿನ್ ಅನ್ನೋ ಸರ್ಕಾರಿ ವ್ಯಾಕ್ಸಿನ್ ಲೆಕ್ಕದ ವ್ಯವಸ್ಥೆಯಲ್ಲಿ ಸ್ಟಾಕು ಮೊಬೈಲಲ್ಲೇ ದಾಖಲಾಗತ್ತೆ, ಟೆಂಪರೇಚರ್ ಏರುಪೇರಾದ್ರೆ ಎಸ್ಎಂಎಸ್ ಬರತ್ತೆ. ನಮ್ಮ ಕ್ಲಿನಿಕ್‌ಗಳಲ್ಲಿ ಇರೋದು ಮನೆ ಫ್ರಿಜ್ಜೇ, ಅನುಕೂಲ ಇದ್ರೆ ಮೆಡಿಕಲ್ ಫ್ರಿಜ್ ತಗೊಳ್ಳೋದೇ ಸರಿ. ಮನೆ ಫ್ರಿಜ್ಜಲ್ಲೇ ನಡೆಸೋದಾದ್ರೆ ವ್ಯಾಕ್ಸಿನ್ ನಡು ಶೆಲ್ಫಲ್ಲಿರ್ಲಿ, ಬಾಗಿಲಲ್ಲಿ ಬೇಡ, ಫ್ರೀಜರ್ ಕೆಳಗೆ ಅಂಟಿಸಿ ಇಡ್ಬೇಡಿ. ಫ್ರಾಸ್ಟ್ ಫ್ರೀ ಫ್ರಿಜ್ಜಲ್ಲಿ ಹಿಂದಿಂದ ತಣ್ಣನೆ ಗಾಳಿ ಬರೋ ಕಿಂಡಿ ಇರತ್ತಲ್ಲ, ಅದರ ಎದುರು ಇಟ್ಟಿದ್ದು ರಾತ್ರಿ ಹೊತ್ತು ಹೆಪ್ಪುಗಟ್ಟತ್ತೆ. ಕೆಳಗಿನ ತರಕಾರಿ ಟ್ರೇ ತೆಗೆದು ನೀರಿನ ಬಾಟ್ಲಿ ತುಂಬಿಸಿ, ಬಾಗಿಲಲ್ಲೂ ಬಾಟ್ಲಿ ಇಡಿ, ಕರೆಂಟ್ ಹೋದಾಗ ಆ ನೀರೇ ತಂಪು ಕಾಯತ್ತೆ. ಆ ಬಾಟ್ಲಿ ಕುಡಿಯೋಕಲ್ಲ ಅಂತ ಮಾರ್ಕರಲ್ಲಿ ಬರೀರಿ, ಇಲ್ಲಾಂದ್ರೆ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಖಾಲಿಯಾಗಿರತ್ತೆ. ಊಟದ ಡಬ್ಬಿ, ಮೊಸರು, ಹೂವು, ಯಾವುದೂ ಅದರೊಳಗೆ ಬೇಡ, ಪ್ರತಿ ಸಲ ಬಾಗಿಲು ತೆಗೆದಾಗ್ಲೂ ಟೆಂಪರೇಚರ್ ಏರತ್ತೆ. ಡಬ್ಬಿಯಿಂದ ಸಿರಿಂಜ್ ತೆಗೆದು ಟ್ರೇನಲ್ಲಿ ಜೋಡಿಸ್ಬೇಡಿ, ಬೆಳಕು ಬೀಳ್ಬಾರ್ದು. ಪ್ಲಗ್ ಮೇಲೆ ಟೇಪ್ ಸುತ್ತಿ "ತೆಗೀಬೇಡಿ" ಅಂತ ಬರೀರಿ, ನೆಲ ಒರೆಸೋಕೆ ಬಂದ ಅಕ್ಕ ಆಗ್ಲಿ, ಮೊಬೈಲ್ ಚಾರ್ಜ್ ಹಾಕೋಕೆ ಬಂದೋರಾಗ್ಲಿ, ಅವರ ತಪ್ಪಲ್ಲ, ಯಾರೂ ಹೇಳಿರಲ್ಲ ಅಷ್ಟೇ.

ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಟೆಂಪರೇಚರ್ ಬರೀಬೇಕು, ಭಾನುವಾರವೂ. ಸುಮ್ನೆ ಆವಾಗಿನ ಓದು ಸಾಲಲ್ಲ, ಮಿನಿಮಮ್ ಮ್ಯಾಕ್ಸಿಮಮ್ ತೋರಿಸೋ ಥರ್ಮಾಮೀಟರ್ ಇರ್ಲಿ, ರಾತ್ರಿ ಏನಾಯ್ತು ಅಂತ ಅದೇ ಹೇಳೋದು. ತಿಂಗಳಿಡೀ 4, 4, 4 ಅಂತ ಒಂದೇ ಕೈಬರಹದಲ್ಲಿ ಬರ್ದಿದ್ರೆ ಯಾರೂ ನೋಡಿಲ್ಲ ಅಂತಲೇ ಅರ್ಥ. ರಾಯಚೂರು ಕಲಬುರಗಿ ಕಡೆ ಬೇಸಿಗೆಗೆ ಇಟ್ಟ ಥರ್ಮೋಸ್ಟಾಟ್ ಸೆಟ್ಟಿಂಗೇ ಡಿಸೆಂಬರಲ್ಲೂ ಬಿಟ್ರೆ ಫ್ರಿಜ್ ಸೊನ್ನೆಗೆ ಇಳಿಯತ್ತೆ, ಹವೆ ಬದಲಾದಾಗ ಅದನ್ನ ತಿರುಗಿಸಿ ಎರಡು ದಿನ ಗಮನಿಸಿ.

ಮಲೆನಾಡಲ್ಲಿ ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಒಂದು ದಿನ ಪೂರ್ತಿ ಬರದೇ ಇರೋದು ಹೊಸದೇನಲ್ಲ. ಕರೆಂಟ್ ಹೋಯ್ತು ಅಂದ್ರೆ ಮೊದಲ ಕೆಲಸ ಬಾಗಿಲು ತೆಗೀದೇ ಇರೋದು. ಟೆಂಪರೇಚರ್ 7 ದಾಟೋಕೆ ಬಂದ್ರೆ ಡಬ್ಬಿಗಳನ್ನ ತಂಪು ಹಿಡಿಯೋ ಪೆಟ್ಟಿಗೆಯಾದ ವ್ಯಾಕ್ಸಿನ್ ಕ್ಯಾರಿಯರ್‌ಗೆ ಹಾಕಿ, ಆದ್ರೆ ಫ್ರೀಜರಿಂದ ತೆಗೆದ ಐಸ್ ಪ್ಯಾಕನ್ನ ಹಾಗೇ ಹಾಕ್ಬೇಡಿ. ಹೊರಗಿಟ್ಟು ಮೈ ಬೆವರೋ ತನಕ ಬಿಡಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗೆ ಐಸು ನೀರಲ್ಲಿ ಓಡಾಡೋ ಸದ್ದು ಕೇಳ್ಬೇಕು, ಆಮೇಲೆ ಒರೆಸಿ ಕ್ಯಾರಿಯರ್‌ಗೆ ಹಾಕಿ. ಹತ್ರದಲ್ಲಿ ಜನರೇಟರ್ ಇರೋ ಆಸ್ಪತ್ರೆ ಅಥವಾ ಮೆಡಿಕಲ್ ಶಾಪ್‌ನೋರ ಹತ್ರ ಮೊದಲೇ ಮಾತಾಡಿಟ್ಟಿರಿ, ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡೋದು ಅನ್ನೋದು ಫ್ರಿಜ್ ಬಾಗಿಲ ಮೇಲೇ ಬರ್ದಿರ್ಲಿ.

2ರಿಂದ 8 ದಾಟಿ ಹೋಗಿದ್ರೆ ಗಾಬರಿಯಾಗಿ ಎಸೀಬೇಡಿ, ಏನಾಗಲ್ಲ ಬಿಡಿ ಅಂತ ಹಾಕ್ಲೂಬೇಡಿ. ಆ ಡಬ್ಬಿಗಳನ್ನ ಒಂದು ಕವರಲ್ಲಿ ಕಟ್ಟಿ "ಬಳಸಬೇಡಿ" ಅಂತ ಬರೆದು 2ರಿಂದ 8ರ ಒಳಗಿರೋ ಕಡೆ ಬೇರೆ ಇಡಿ, ಎಷ್ಟು ಹೊತ್ತು ಎಷ್ಟು ಡಿಗ್ರಿ ಇತ್ತು, ಯಾವ ಬ್ಯಾಚ್ ಅಂತ ಬರೆದು ಕಂಪನಿಗೆ ಕಳಿಸಿ ಲಿಖಿತ ಉತ್ತರ ತಗೊಳ್ಳಿ. ಫ್ರೀಜ್ ಆಗಿದ್ದಕ್ಕೆ ಮಾತ್ರ ಯಾರನ್ನೂ ಕೇಳ್ಬೇಕಾಗಿಲ್ಲ, ಅದು ಹೋಯ್ತು.

ಸ್ಟಾಕ್ ಬುಕ್ಕು ಸರಳವಾಗಿರ್ಲಿ. ತಾರೀಖು, ಬ್ರ್ಯಾಂಡ್, ಬ್ಯಾಚ್, ಎಕ್ಸ್‌ಪೈರಿ, ಬಂದಿದ್ದು, ಹಾಕಿದ್ದು, ಹಾಳಾಗಿದ್ದು, ಉಳಿದಿದ್ದು. ಮಗುವಿನ ಕಾರ್ಡಲ್ಲಿ ಬರೆಯೋ ಬ್ಯಾಚ್ ನಂಬರೇ ಇಲ್ಲೂ ಇರ್ಬೇಕು, ನಾಳೆ ಯಾವ ಮಗುವಿಗಾದ್ರೂ ತೊಂದರೆ ಆದ್ರೆ, ಅಥವಾ ಕಂಪನಿ ಒಂದು ಬ್ಯಾಚ್ ವಾಪಸ್ ಕರೆದ್ರೆ, ಯಾರ್ಯಾರಿಗೆ ಹಾಕಿದ್ದೀವಿ ಅಂತ ಐದು ನಿಮಿಷದಲ್ಲಿ ತೆಗೀಬೇಕು. ಮೊದಲು ಬಂದಿದ್ದು ಮೊದಲು ಅನ್ನೋದಕ್ಕಿಂತ ಮೊದಲು ಎಕ್ಸ್‌ಪೈರಿ ಆಗೋದು ಮೊದಲು, ಹೊಸ ಮಾಲು ಹಿಂದೆ, ಹಳೇದು ಮುಂದೆ. ವಾರಕ್ಕೊಂದು ಸಲ ಕೈಯಲ್ಲೇ ಎಣಿಸಿ ಬುಕ್ಕಿಗೆ ತಾಳೆ ಹಾಕಿ, ಕಂಪ್ಯೂಟರಲ್ಲಿ ಇದೆ ಅಂತ ನಂಬ್ಕೊಂಡು ಕೂರ್ಬೇಡಿ.

ಎರಡನೇ ಡೋಸ್ ವಿಷಯ ಬಹಳ ಕ್ಲಿನಿಕ್‌ಗಳು ಬಿಟ್ಬಿಡ್ತವೆ, ನನಗೆ ಅದೇ ಸಂಕಟ. ಮೊದಲ ಡೋಸ್ ಹಾಕಿದ ದಿನವೇ ಆ ಮಗುವಿನ ಹೆಸರಲ್ಲಿ ಇನ್ನೊಂದು ಡೋಸ್ ಮೀಸಲು ಅಂತ ಬುಕ್ಕಲ್ಲಿ ಬರೀರಿ, ಉಳಿದಿದ್ದು 18 ಇದ್ದು ಮೀಸಲು 11 ಇದ್ರೆ ಹೊಸಬರಿಗೆ ಸಿಗೋದು 7 ಅಷ್ಟೇ. ನಾಲ್ಕು ವಾರಕ್ಕೆ ಸರಿಯಾಗಿ ವಾಟ್ಸಾಪಲ್ಲಿ ಕನ್ನಡದಲ್ಲೇ ಒಂದು ಮೆಸೇಜ್ ಹಾಕಿ, ಉತ್ತರ ಬರದಿದ್ರೆ ಫೋನ್ ಮಾಡಿ. ಅಷ್ಟು ದೂರದಿಂದ ಮಗುವನ್ನ ಎತ್ಕೊಂಡು ಬಂದ ತಾಯಿಗೆ "ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ಬನ್ನಿ" ಅಂದ್ರೆ ಎಷ್ಟೋ ಜನ ವಾಪಸ್ ಬರೋದೇ ಇಲ್ಲ, ಮಗುವಿನ ರಕ್ಷಣೆ ಅರ್ಧಕ್ಕೇ ನಿಲ್ಲತ್ತೆ.

ಆಗಸ್ಟ್ ಕೊನೇಲಿ ಉಳಿದಿರೋದನ್ನ ಎಣಿಸಿ. ಎಕ್ಸ್‌ಪೈರಿ ಇನ್ನೂ ಇರೋದಾದ್ರೆ ಇನ್ನೂ ಹಾಕಿಸ್ಕೊಳ್ಳದೇ ಇರೋರ ಪಟ್ಟಿ ತೆಗೆದು ಕರೀರಿ, ಆಗ ಎನ್ಎಚ್ ಮಾಲು ಬರೋ ಕಾಲ, ಎರಡೂ ಪಕ್ಕ ಪಕ್ಕ ಇಟ್ಕೊಂಡ್ರೆ ಗೊಂದಲ, ಬೇರೆ ಬೇರೆ ಬುಟ್ಟಿಗೆ ಬಣ್ಣದ ಚೀಟಿ ಅಂಟಿಸಿ. ವಾಪಸ್ ಕೊಡೋ ಕರಾರಿದ್ರೆ ಗಡುವಿಗೆ ಮುಂಚೆಯೇ ಡಿಸ್ಟ್ರಿಬ್ಯೂಟರ್‌ಗೆ ಪಟ್ಟಿ ಕಳಿಸಿ. ಎಕ್ಸ್‌ಪೈರಿ ಆಗೇ ಹೋಗಿದ್ದನ್ನ ಫ್ರಿಜ್ಜಿಂದ ಅವತ್ತೇ ತೆಗೀರಿ, ಕಸದ ಬುಟ್ಟಿಗಲ್ಲ, ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಇಲ್ಲಾಂದ್ರೆ ಬಯೋಮೆಡಿಕಲ್ ವೇಸ್ಟ್‌ನ ಹಳದಿ ಚೀಲಕ್ಕೆ, ಬಳಸಿದ ಸೂಜಿ ಇರೋ ಸಿರಿಂಜು ಸೂಜಿ ಚುಚ್ಚಿ ಹೊರಬರದಂಥ ಗಟ್ಟಿ ಬಿಳಿ ಡಬ್ಬಕ್ಕೆ. ಎಷ್ಟು ಹಾಳಾಯ್ತು, ಯಾಕೆ ಅನ್ನೋದನ್ನ ಬುಕ್ಕಿನ ಕೊನೇ ಪುಟದಲ್ಲಿ ಬರೆದು ಡಾಕ್ಟ್ರ ಸೈನ್ ತಗೊಳ್ಳಿ, ಫೆಬ್ರವರಿಯಲ್ಲಿ ಆರ್ಡರ್ ಬರೆಯೋಕೆ ಕೂತಾಗ ಮೊದಲು ತೆಗೀಬೇಕಾಗಿರೋದು ಅದೇ ಪುಟ.