ಕೇರಳದ ಕಾರಿಗೆ ಕೆಎ-13 ನಂಬರ್: ಕಾಗದ ಮೊದಲು, ದುಡ್ಡು ಆಮೇಲೆ

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಕಣ್ಣೂರು, ಕಾಸರಗೋಡು, ವಯನಾಡು ದೂರದ ಊರೇನಲ್ಲ. ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಿ, ರೇಟು ಕುದುರಿಸಿ, ಮಾಕುಟ್ಟ ಘಾಟಿ ಹತ್ತಿಸಿಕೊಂಡು ಬರುವುದು ಒಂದು ದಿನದ ಕೆಲಸ. ಅದೇ ಗಾಡಿಗೆ ಹಾಸನದ ಕೆಎ-13, ಸಕಲೇಶಪುರದ ಕೆಎ-46, ಚಿಕ್ಕಮಗಳೂರಿನ ಕೆಎ-18 ಅಥವಾ ತರೀಕೆರೆಯ ಕೆಎ-66 ನಂಬರ್ ಹಾಕಿಸುವುದು ಮಾತ್ರ ತಿಂಗಳುಗಟ್ಟಲೆ ಎಳೆಯಬಹುದು. ಹಾಗೆ ಎಳೆಯುವುದಕ್ಕೆ ಕಾರಣ ಹೆಚ್ಚಿನ ಸಲ ಖರೀದಿಯ ದಿನವೇ ಆದ ತಪ್ಪು.

ಮೊದಲು ತೆರಿಗೆಯ ಲೆಕ್ಕ ಹಾಕಿ

ಗಾಡಿ ನೋಡಲು ಹೊರಡುವ ಮುಂಚೆಯೇ ಈ ಲೆಕ್ಕ ಆಗಬೇಕು. ಕರ್ನಾಟಕದಲ್ಲಿ ಕಾರಿನ ಲೈಫ್ ಟ್ಯಾಕ್ಸ್ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ಈ ಪರ್ಸೆಂಟ್ ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. 7 ಲಕ್ಷದ ಕಾರನ್ನು 3 ಲಕ್ಷಕ್ಕೆ ಕೊಂಡವರು 3 ಲಕ್ಷಕ್ಕೆ ಶೇ 13 ಎಂದು 39 ಸಾವಿರ ಎತ್ತಿಟ್ಟುಕೊಂಡು ಬರುತ್ತಾರೆ. ಕೌಂಟರಿನಲ್ಲಿ ಲೆಕ್ಕ ಶುರುವಾಗುವುದು 7 ಲಕ್ಷದ ಶೇ 14ರಿಂದ, ಅಂದರೆ 98 ಸಾವಿರದಿಂದ. ಗಾಡಿಯ ವಯಸ್ಸಿಗೆ ತಕ್ಕಂತೆ ಅದರಲ್ಲಿ ಕಡಿತ ಸಿಗುತ್ತದೆ, ನಿಜ. ಹಾಗಾಗಿ ಎರಡು ವರ್ಷದ ಗಾಡಿಗಿಂತ ಎಂಟು ವರ್ಷದ ಗಾಡಿಗೆ ಹೊರೆ ಎಷ್ಟೋ ಕಡಿಮೆ. ಆದರೂ ಇದನ್ನೆಲ್ಲ ಕೂಡಿಸಿ ನೋಡಿದಾಗ ಅಗ್ಗದ ಗಾಡಿ ಅಗ್ಗವಾಗಿ ಉಳಿಯದೇ ಹೋಗಬಹುದು. ಮೂಲ ಇನ್‌ವಾಯ್ಸ್‌ನ ಪ್ರತಿಯನ್ನು ಮಾರುವವರಿಂದ ತಪ್ಪದೆ ಕೇಳಿ ಇಟ್ಟುಕೊಳ್ಳಿ. ಬೆಲೆಗೆ ಅದೇ ಸಾಕ್ಷಿ.

ಗಾಡಿ ನೋಡುವಾಗ

ಕರಾವಳಿಯ ಗಾಡಿಗೆ ಉಪ್ಪುಗಾಳಿಯ ತುಕ್ಕು ಇರುತ್ತದೆ. ಜ್ಯಾಕ್ ಕೊಟ್ಟು ಎತ್ತಿಸಿ, ತಳದ ಚೌಕಟ್ಟು ಮತ್ತು ಬಾಗಿಲ ಕೆಳಗಿನ ಅಂಚುಗಳನ್ನು ನೋಡಿ. 2018ರ ಪ್ರವಾಹ ಕಂಡ ನಾಡಾದ್ದರಿಂದ ನೀರು ಹೊಕ್ಕ ಗಾಡಿಯ ಬಗ್ಗೆಯೂ ಎಚ್ಚರ ಬೇಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಮುಳುಗಿದ ಗಾಡಿಯಾದರೆ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಕಂಡೀತು. ಸ್ಟೆಪ್ನಿ ತೆಗೆದು ಅದರ ಗುಂಡಿಯ ಮೂಲೆಗಳಲ್ಲಿ ಬೆರಳಾಡಿಸಿ.

ಆಮೇಲೆ ಚಾಸಿ ನಂಬರ್. ಬಾನೆಟ್ ಒಳಗೋ ಮುಂದಿನ ಸೀಟಿನ ಅಡಿಯಲ್ಲೋ ಕೊರೆದಿರುವ ಆ 17 ಅಕ್ಷರಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಮೂಡಿದ ಪ್ರಿಂಟನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿ. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ. ಆರ್‌ಸಿಯಲ್ಲಿ ಓ ಎಂದಿದ್ದರೆ ಅದು ಸೊನ್ನೆಯಾಗಬೇಕಿದ್ದ ಟೈಪಿಂಗ್ ತಪ್ಪು. ತಿದ್ದಿಸಬೇಕಾದದ್ದು ಹಳೇ ಆರ್‌ಟಿಒದಲ್ಲೇ. ಇಲ್ಲಿಗೆ ಬಂದ ಮೇಲೆ ಮೋಟಾರು ವಾಹನ ನಿರೀಕ್ಷಕರು ಇದೇ ಪ್ರಿಂಟನ್ನು ಹೋಲಿಸುತ್ತಾರೆ. ಒಂದು ಅಕ್ಷರ ಬೇರೆಯಾದರೂ ಅರ್ಜಿ ಅಲ್ಲೇ ನಿಲ್ಲುತ್ತದೆ, ನೀವು ಮತ್ತೆ ಘಾಟಿ ಇಳಿಯಬೇಕಾಗುತ್ತದೆ.

ಭೂತಾನ್ ಗಾಡಿಯ ಆಸೆ ಬೇಡ

ಕಾಫಿ ತೋಟದವರಿಗೆ ಹಳೇ ಫೋರ್‌ವೀಲ್ ಡ್ರೈವ್ ಗಾಡಿಗಳ ಮೇಲಿನ ಪ್ರೀತಿ ಅರ್ಥವಾಗುವಂಥದ್ದೇ. ಆದರೆ 'ಭೂತಾನ್ ಸೇನೆ ಹರಾಜಿನಲ್ಲಿ ಬಿಟ್ಟ ಲ್ಯಾಂಡ್ ಕ್ರೂಸರ್, ಪೇಪರ್ ಕ್ಲಿಯರ್' ಎಂದು ಯಾರಾದರೂ ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್‌ನವರು 'ನುಮ್‌ಖೋರ್' ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಕೇರಳದಲ್ಲಿ ಜಪ್ತಿ ಮಾಡಿದ್ದು ಇಂಥ ಆರೋಪ ಹೊತ್ತ ಗಾಡಿಗಳನ್ನೇ. ಬೇರೆ ದೇಶದಿಂದ ಬಳಸಿದ ಗಾಡಿ ತರಲು ನಿಯಮ ಬಿಗಿಯಾಗಿದೆ: ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಇನ್ನೂ ಕನಿಷ್ಠ 5 ವರ್ಷ ರಸ್ತೆಗೆ ಯೋಗ್ಯವಾಗಿರಬೇಕು, ಬರುವುದೂ ಮುಂಬೈ ಬಂದರಿನ ಮೂಲಕವೇ. ಇಪ್ಪತ್ತು ವರ್ಷದ ಗಾಡಿ ಭೂತಾನ್ ಗಡಿ ದಾಟಿ ರಸ್ತೆಯಲ್ಲಿ ಬಂದಿದೆ ಎಂದರೆ ಅದು ವಯಸ್ಸಿನ ನಿಯಮಕ್ಕೂ ಒಗ್ಗುವುದಿಲ್ಲ, ಬಂದರಿನ ನಿಯಮಕ್ಕೂ ಒಗ್ಗುವುದಿಲ್ಲ. ಮಧ್ಯೆ ಮತ್ತೊಂದು ರಾಜ್ಯದ ಆರ್‌ಸಿ ಇದ್ದ ಮಾತ್ರಕ್ಕೆ ದೋಷ ಹೋಗದು. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ತೋರಿಸದವರ ಹತ್ತಿರ ವಿದೇಶದ ಗಾಡಿ ಕೊಳ್ಳಬೇಡಿ.

ಎನ್‌ಒಸಿ ಬರುವವರೆಗೆ ಪೂರ್ತಿ ಹಣ ಕೊಡಬೇಡಿ

ಇಡೀ ಕೆಲಸದ ಕೀಲಿ ಇಲ್ಲಿದೆ. ಹಳೇ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆಸಬೇಕಾದವರು ಮಾರುವವರು. ಫಾರಂ 28 ಮೂರು ಪ್ರತಿ ಬೇಕು. ಸಾಲದ ಗಾಡಿಯಾದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಮೊದಲು ಹೈಪಾಥಿಕೇಶನ್ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸಬೇಕು. ಚಲನ್ ಬಾಕಿ ಇದ್ದರೆ ಎನ್‌ಒಸಿ ಹೊರಡುವುದಿಲ್ಲ. ಪರಿವಾಹನ್ ತಾಣದ ಒಟಿಪಿ ಆರ್‌ಸಿಗೆ ಜೋಡಿಸಿದ ಮೊಬೈಲಿಗೆ ಹೋಗುತ್ತದೆ. ಅದು ಹಿಂದೆಂದೋ ಬಿಟ್ಟುಬಿಟ್ಟ ಸಿಮ್ ಆಗಿದ್ದರೆ ಮಾರುವವರು ಮೊದಲು ನಂಬರ್ ಬದಲಿಸಿಕೊಳ್ಳಬೇಕು. ಎನ್‌ಒಸಿಯಲ್ಲಿ ನಿಮ್ಮ ಆರ್‌ಟಿಒದ ಹೆಸರು ಸರಿಯಾಗಿ ಬರಲಿ. ಬೇಲೂರಿನವರು, ಆಲೂರಿನವರು ತಮ್ಮ ತಾಲ್ಲೂಕು ಯಾವ ಕಚೇರಿಗೆ ಸೇರುತ್ತದೆ ಎಂದು ವಿಚಾರಿಸಿಕೊಂಡೇ ಬರೆಸಬೇಕು. ಹಾಸನ ಎಂದಿರುವ ಎನ್‌ಒಸಿ ಸಕಲೇಶಪುರದಲ್ಲಿ ನಡೆಯದು. ಕಾನೂನಿನ ಪ್ರಕಾರ 30 ದಿನದೊಳಗೆ ಕಚೇರಿ ಎನ್‌ಒಸಿ ಕೊಡಬೇಕು, ಇಲ್ಲವೇ ನಿರಾಕರಿಸಿ ಕಾರಣ ತಿಳಿಸಬೇಕು.

ಎನ್‌ಒಸಿಗೆ ಅರ್ಜಿ ಹಾಕುವ ದಿನವೇ ಮಾಲೀಕತ್ವ ಬದಲಾವಣೆಯ ಫಾರಂ 29 (ಎರಡು ಪ್ರತಿ) ಮತ್ತು ಫಾರಂ 30ಕ್ಕೆ ಸಹಿ ಹಾಕಿಸಿಕೊಳ್ಳಿ. ಮಾರುವವರು 'ಆಮೇಲೆ ನೋಡೋಣ' ಎಂದರೆ ಒಂದು ಮಾತು ತಿಳಿಸಿ: ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬೇಗ ಬದಲಾಗುವುದು ಅವರಿಗೂ ಒಳ್ಳೆಯದೇ.

'ಒಂದು ವರ್ಷ ಓಡಿಸಬಹುದಂತೆ'

ಅರ್ಧ ನಿಜ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಮಾತ್ರ ಹೊಸ ನಂಬರ್ ಕಡ್ಡಾಯ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. 30 ದಿನಕ್ಕೇ ತೆರಿಗೆ ಕೇಳುತ್ತಿದ್ದ ರಾಜ್ಯದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದು ಮಾಡಿತು. ಆದರೆ ಈ ವಿನಾಯಿತಿ ನಂಬರಿಗೆ ಮಾತ್ರ. ಕೊಂಡವರು ಮಾಲೀಕತ್ವದ ಬದಲಾವಣೆಯನ್ನು 30 ದಿನದೊಳಗೆ ತಮ್ಮ ಆರ್‌ಟಿಒಗೆ ತಿಳಿಸಲೇಬೇಕು. ಹಾಗಾಗಿ ಗಾಡಿ ಕೊಂಡವರು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ.

ಇಲ್ಲಿನ ಆರ್‌ಟಿಒದಲ್ಲಿ

ಎನ್‌ಒಸಿ ಬಂದ ಮೇಲೆ ಫಾರಂ 27 (ಹೊಸ ನಂಬರ್), ಫಾರಂ 33 (ವಿಳಾಸ) ಮತ್ತು ಸಹಿಯಾದ 29, 30 ಎಲ್ಲವನ್ನೂ ಒಟ್ಟಿಗೆ ಹಾಕಿ. ಜೊತೆಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಇನ್‌ವಾಯ್ಸ್ ಪ್ರತಿ, ಪ್ಯಾನ್, ವಿಳಾಸದ ದಾಖಲೆ. ಬಾಡಿಗೆ ಮನೆಯಾದರೆ ಕರಾರುಪತ್ರ ಇರಲಿ. ತಪಾಸಣೆಗೆ ಗಾಡಿ ತೊಳೆದು ಒಯ್ಯಿರಿ. ಆಮೇಲೆ ಹಾಕಿಸಿದ ಗಾಜಿನ ಫಿಲ್ಮ್, ಕ್ರ್ಯಾಶ್ ಗಾರ್ಡ್ ಇದ್ದರೆ ಬಿಚ್ಚಿಸಿಯೇ ಹೋಗಿ.

ನಂಬರ್ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಹೊಸ ನಂಬರಿಗೆ ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್) ಪ್ಲೇಟ್ ಬೇಕು. ಹಳೇ ಫಾಸ್ಟ್ಯಾಗನ್ನು ಮಾರಿದವರು ಮುಚ್ಚಿಸಬೇಕು. ಇನ್ಶೂರೆನ್ಸನ್ನು ಖರೀದಿಯಾದ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ, ಹೊಸ ನಂಬರ್ ಬಂದಾಗ ಅದನ್ನೂ ಸೇರಿಸಿ. ಹೆಸರು ಬದಲಾಗುವವರೆಗೆ ಎದುರಿನವರ ನಷ್ಟಕ್ಕೆ ರಕ್ಷಣೆ ಇದ್ದರೂ ನಿಮ್ಮ ಗಾಡಿಯ ಡ್ಯಾಮೇಜಿಗೆ ಕ್ಲೇಮ್ ಸಿಗುವುದಿಲ್ಲ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ಆ ವ್ಯತ್ಯಾಸದ ಹಣ ನೀವೇ ಕಟ್ಟಬೇಕು.

ಕೊನೆಯದು ರಿಫಂಡ್. ಹಳೇ ರಾಜ್ಯದಲ್ಲಿ 15 ವರ್ಷಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿನ ಆರ್‌ಟಿಒದಿಂದ ವಾಪಸ್ ಕೇಳಬಹುದು. ಅದಕ್ಕೆ ಇಲ್ಲಿನ ಹೊಸ ಆರ್‌ಸಿಯ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ ಮತ್ತು ಹಳೇ ತೆರಿಗೆಯ ರಸೀದಿ ಬೇಕು. ಈ ಹಣ ಯಾರಿಗೆ ಸೇರಬೇಕು ಎನ್ನುವುದನ್ನು ಮಾರಾಟದ ಕರಾರಿನಲ್ಲೇ ಒಂದು ಸಾಲು ಬರೆಸಿ, ಹಳೇ ತೆರಿಗೆಯ ರಸೀದಿಯನ್ನು ಗಾಡಿಯ ಕೀ ಜೊತೆಗೇ ಈಸಿಕೊಳ್ಳಿ.