ಎಷ್ಟು ಸಕ್ಕರೆ ಎನ್ನುವುದಕ್ಕಿಂತ ಎಷ್ಟು ಸಲ: ಬನಹಟ್ಟಿ ಸೀಮೆಯ ದಂತವೈದ್ಯೆಯ ಅನುಭವ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಭಾಗದಲ್ಲಿ ದಂತ ಚಿಕಿತ್ಸಾಲಯ ನಡೆಸುತ್ತಿರುವ ನಾನು, ಹುಳುಕು ಹಲ್ಲಿನೊಂದಿಗೆ ಬಂದವರನ್ನು ಹಲ್ಲುಜ್ಜುತ್ತೀರಾ ಎಂದು ಮೊದಲಿಗೆ ಕೇಳುವುದಿಲ್ಲ. ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತೀರಿ ಎಂದು ಕೇಳುತ್ತೇನೆ. ಹಲ್ಲುಜ್ಜುವ ಪ್ರಶ್ನೆಗೆ ಎಲ್ಲರೂ ಹೌದೆಂದೇ ಹೇಳುವುದರಿಂದ ಅದರಿಂದ ನನಗೆ ತಿಳಿಯುವುದು ಏನೂ ಇರುವುದಿಲ್ಲ. ಚಹಾದ ಪ್ರಶ್ನೆಗೆ ಮಾತ್ರ ಜನ ಬೆರಳು ಮಡಿಚಿ ಎಣಿಸಿ ನಿಜ ಹೇಳುತ್ತಾರೆ. ನಮ್ಮದು ನೇಕಾರರ ಊರು. ಸುತ್ತಲೂ ಕಬ್ಬಿನ ಸೀಮೆ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ಕೂಗಳತೆಯಲ್ಲಿದೆ. ಇಂಥ ಕಡೆ ಸಿಹಿ ತಿನ್ನಬೇಡಿ ಎಂದು ಹೇಳುವ ವೈದ್ಯರ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಹಲ್ಲು ಹುಳುಕಾಗುವ ಕ್ರಮವನ್ನು ನಾನು ರೋಗಿಗಳಿಗೆ ವಿವರಿಸುವುದು ಹೀಗೆ. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿಯಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಇರುತ್ತವೆ. ನಾವು ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಅವು ಆ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಾಚಿಯೊಳಗಿನ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮಲ್‌ನ ಖನಿಜ ಕರಗಲು ಆರಂಭವಾಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು, ಶಮನಗೊಳಿಸಿ, ಕರಗಿಹೋದ ಸುಣ್ಣದ ಅಂಶವನ್ನು ಮರಳಿ ಹಲ್ಲಿಗೆ ಸೇರಿಸುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಡುವು ಬೇಕು. ಗಂಟೆಗೊಮ್ಮೆ ಕಿಟ್ಲಿಯ ಚಹಾ ತರಿಸಿಕೊಂಡು, ಮಗ್ಗ ನಡೆಸುತ್ತಲೇ ಗುಟುಕು ಗುಟುಕಾಗಿ ಕುಡಿಯುವವರ ಬಾಯಿಗೆ ಆ ಬಿಡುವು ದಿನವಿಡೀ ಸಿಗುವುದಿಲ್ಲ. ಹೋಳಿಗೆ ಊಟದ ದಿನ ಎಲೆಯ ಮುಂದೆ ಕುಳಿತು ನಾಲ್ಕು ಹೋಳಿಗೆ ತಿಂದು ಎದ್ದವರಿಗಿಂತ, ನಿತ್ಯ ಇಷ್ಟಿಷ್ಟೇ ಸಿಹಿಯನ್ನು ಹತ್ತು ಸಲ ಬಾಯಿಗೆ ತಾಗಿಸುವವರ ಹಲ್ಲು ಬೇಗ ಕೆಡುವುದು ಇದೇ ಕಾರಣಕ್ಕೆ.

ಇದಕ್ಕೆ ಪ್ರಬಲ ಪುರಾವೆ ಸಿಕ್ಕಿದ್ದು ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಬುದ್ಧಿಮಾಂದ್ಯರ ಆರೈಕೆಯ ಸಂಸ್ಥೆಯಲ್ಲಿ, 1940ರ ದಶಕದಲ್ಲಿ ಶುರುವಾದ ಪ್ರಯೋಗದಿಂದ. ಊಟದ ಜೊತೆಗೆ ಸಕ್ಕರೆ ಪಡೆದವರಿಗಿಂತ ಊಟಗಳ ನಡುವೆ ಅಂಟು ಮಿಠಾಯಿ ಪಡೆದವರಲ್ಲಿ ಹುಳುಕು ಬಹಳ ಹೆಚ್ಚಿತ್ತು ಎಂದು 1954ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಒಪ್ಪಿಗೆ ಕೊಡಲಾಗದ ರೋಗಿಗಳ ಹಲ್ಲು ಕೆಡಿಸಿ ಪಡೆದ ಜ್ಞಾನವಿದು ಎಂಬ ಮುಜುಗರ ನನ್ನ ವೃತ್ತಿಗೆ ಇಂದಿಗೂ ಅಂಟಿಕೊಂಡಿದೆ. ಅಷ್ಟು ಬೆಲೆ ತೆತ್ತು ಬಂದ ಮಾತನ್ನು ರೋಗಿಗಳಿಗೆ ತಲುಪಿಸದೇ ಇರುವುದು ಇನ್ನೊಂದು ತಪ್ಪಾಗುತ್ತದೆ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ನಾನು ಔಷಧದ ಚೀಟಿಗೂ ಮೊದಲು ಕೊಡುವುದು ಒಂದು ಕೆಲಸ. ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಸಿಹಿಯಾದದ್ದು ಏನೇ ಬಾಯಿಗೆ ಹೋದರೂ ಆ ದಿನದ ಚೌಕದೊಳಗೆ ಒಂದು ಗೀಟು ಎಳೆಯಬೇಕು. ಚಹಾ, ಬಿಸ್ಕಿಟ್, ಪೇಪರಮೆಂಟು, ದೇವರ ಪ್ರಸಾದದ ಸಕ್ಕರೆ, ಮಗುವಿನ ಅಳು ನಿಲ್ಲಿಸಲು ಕೊಟ್ಟ ಬೆಲ್ಲದ ಚೂರು, ಎಲ್ಲಕ್ಕೂ ಒಂದೊಂದೇ ಗೀಟು. ಪ್ರಮಾಣ ಬರೆಯುವ ಅಗತ್ಯವಿಲ್ಲ. ಮುಂದಿನ ಭೇಟಿಗೆ ಆ ಹಾಳೆ ತಂದವರಿಗೆ ನಾನು ಹೆಚ್ಚು ಹೇಳಬೇಕಾಗುವುದಿಲ್ಲ. ಒಬ್ಬ ಹಿರಿಯ ನೇಕಾರರು ಗೀಟುಗಳನ್ನು ನೋಡುತ್ತ, "ಚಾ ಬಿಡು ಅಂದ್ರ ಮಗ್ಗಾನ ಬಿಡು ಅಂದಂಗ ಆತ್ರಿ ಮೇಡಮ್ಮಾರ" ಎಂದರು. "ಚಾ ಬಿಡಬ್ಯಾಡ್ರಿ ಕಾಕಾರ, ಸಕ್ರಿ ಯಾವ ಚಾಕ್ಕ ಹಾಕೂದು ಅನ್ನೂದಷ್ಟ ಮಾತಾಡೂಣು" ಎಂದೆ. ಮುಂಜಾನೆಯ ನಾಷ್ಟಾದೊಂದಿಗೆ ಒಂದು, ಇಳಿಹೊತ್ತಿನಲ್ಲಿ ಒಂದು, ಇವೆರಡಕ್ಕೆ ಸಕ್ಕರೆ. ನಡುವಿನವು ಸಕ್ಕರೆಯಿಲ್ಲದವು ಎಂದು ಒಪ್ಪಂದವಾಯಿತು. ಕುಡಿಯುವ ಚಹಾವನ್ನು ಒಮ್ಮೆಗೇ ಕುಡಿದು ಮುಗಿಸಿ, ಮಗ್ಗದ ಬಳಿ ತಂಬಿಗೆ ನೀರಿಟ್ಟುಕೊಂಡು ಬಾಯಿ ಮುಕ್ಕಳಿಸಬೇಕೆಂಬುದು ಅದರ ಇನ್ನೊಂದು ಅಂಶ. ಸಕ್ಕರೆಯಿಲ್ಲದ ಚಹಾ ಮೊದಲಿಗೆ ಕಷಾಯದಂತೆ ಅನಿಸಿದರೂ ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಮಧುಮೇಹದವರು ಇರುವ ಮನೆಗಳಲ್ಲಿ ಈ ಮಾತನ್ನು ಒಪ್ಪಿಸುವುದು ಇನ್ನೂ ಸುಲಭ.

ಬೆಲ್ಲದ ವಿಷಯದಲ್ಲಿ ಒಪ್ಪಿಸುವುದು ಕಷ್ಟ. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ನಂಬಿಕೆ ಕಬ್ಬು ಬೆಳೆಯುವವರ ಮನೆಗಳಲ್ಲಿ ಗಟ್ಟಿಯಾಗಿದೆ. ಬೆಲ್ಲದಲ್ಲಿ ಖನಿಜಾಂಶ ಕೊಂಚ ಇರುವುದು ನಿಜವಾದರೂ ಅದರ ಬಹುಪಾಲು ಸುಕ್ರೋಸ್ ಎಂಬ ಅದೇ ಸಕ್ಕರೆ, ಮೇಲಾಗಿ ಅದು ದವಡೆ ಹಲ್ಲಿನ ಸಂದುಗಳಿಗೆ ಅಂಟಿ ಕೂರುತ್ತದೆ. ಗಾಣದ ಹಂಗಾಮಿನಲ್ಲಿ ಮಕ್ಕಳು ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿಕೊಂಡು ಗಂಟೆಗಟ್ಟಲೆ ನೆಕ್ಕುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅಮೀನಗಡದ ಕರದಂಟಿಗೂ ಇದೇ ಮಾತು: ಊಟ ಮುಗಿದ ಕೂಡಲೇ ಒಂದು ತುಂಡು ತಿನ್ನಬಹುದು, ಕಿಸೆಯಲ್ಲಿಟ್ಟುಕೊಂಡು ದಿನವಿಡೀ ಚೂರು ಚೂರು ಮುರಿಯಬಾರದು. ನಾಗರಪಂಚಮಿಯ ಉಂಡಿಗಳು ನನ್ನ ಮನೆಯಲ್ಲೂ ಡಬ್ಬಿ ತುಂಬ ಇರುತ್ತವೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಯಾವುದನ್ನೂ ನಾನು ಮಕ್ಕಳಿಗೆ ಬೇಡವೆಂದಿಲ್ಲ, ಡಬ್ಬಿಯನ್ನು ಮಾತ್ರ ಊಟದ ಹೊತ್ತಿಗೆ ತೆರೆಯುತ್ತೇವೆ. ನಡುವೆ ಹಸಿವಾದರೆ ಚುರುಮುರಿಗಿಂತ ಹುರಿದ ಶೇಂಗಾ, ಸವತಿಕಾಯಿ, ಗಜ್ಜರಿ, ಮಜ್ಜಿಗೆ ಹಲ್ಲಿಗೆ ಮೇಲು. ಜೋಳದ ರೊಟ್ಟಿಯ ಜೊತೆ ಹಸಿ ತರಕಾರಿ ಕಚ್ಚಿ ತಿನ್ನುವ ನಮ್ಮ ಕಡೆಯ ಊಟ ಜೊಲ್ಲು ಸುರಿಸುವುದರಲ್ಲಿ ಯಾವ ಔಷಧಿಗೂ ಕಡಿಮೆಯಿಲ್ಲ.

ಹಲ್ಲುಜ್ಜುವುದರಲ್ಲಿ ನಾನು ಹಟ ಹಿಡಿಯುವುದು ರಾತ್ರಿಯ ಸರದಿಗಾಗಿ. ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆಯಾಗುವುದರಿಂದ ರಾತ್ರಿ ಹಲ್ಲಿಗೆ ಅಂಟಿ ಉಳಿದದ್ದು ಬೆಳಗಿನವರೆಗೂ ಕೆಲಸ ಮಾಡುತ್ತದೆ. ಬೆಳಿಗ್ಗೆ ಉಜ್ಜುವುದು ನಮ್ಮಲ್ಲಿ ಆಚಾರವೇ ಆಗಿದೆ, ರಾತ್ರಿ ಉಜ್ಜುವುದು ಇನ್ನೂ ಪೇಟೆಯವರ ಶೋಕಿಯೆಂದು ತೋರುತ್ತದೆ. ಊಟದ ತಟ್ಟೆ ತೊಳೆಯುವ ಜಾಗದಲ್ಲೇ ಬ್ರಷ್‌ಗಳ ಲೋಟ ಇಡುವಂತೆ ಹೇಳತೊಡಗಿದ ಮೇಲೆ ನನ್ನ ಮಾತು ಸ್ವಲ್ಪ ನಾಟಿತು. ಕೈತೊಳೆಯಲು ಹೋದವರು ಹಲ್ಲನ್ನೂ ಉಜ್ಜಿ ಬರುತ್ತಾರೆ. ಬ್ರಷ್ ಮೆತ್ತಗಿರಬೇಕು, ಎರಡು ನಿಮಿಷ ಉಜ್ಜಬೇಕು, ವಸಡು ಮತ್ತು ಹಲ್ಲು ಕೂಡುವ ಗೆರೆಗೆ ಓರೆಯಾಗಿ ಹಿಡಿಯಬೇಕು. ಪೇಸ್ಟನ್ನು ಉಗುಳಿದ ಮೇಲೆ ನೀರಿನಿಂದ ಹತ್ತು ಸಲ ಮುಕ್ಕಳಿಸಬಾರದು ಎಂಬ ಮಾತಿಗೆ ಹಿರಿಯರು ನಕ್ಕುಬಿಡುತ್ತಾರೆ. ಉಗುಳಿ ಹಾಗೆಯೇ ಬಿಟ್ಟರೆ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿದು ಎನಾಮಲನ್ನು ಗಟ್ಟಿ ಮಾಡುತ್ತದೆ ಎಂದು ವಿವರಿಸಿದರೂ, ಎಂಜಲು ಬಾಯಿಯಲ್ಲಿ ಮಲಗಿದಂತೆ ಅವರಿಗೆ ಅನಿಸುತ್ತದೆ. ಒಂದೇ ಸಲ ಸ್ವಲ್ಪ ನೀರಿನಿಂದ ಮುಕ್ಕಳಿಸಿ ಎಂದು ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ.

ಫ್ಲೋರೈಡ್ ಎಂಬ ಹೆಸರು ಕೇಳಿದರೆ ನಮ್ಮ ಜಿಲ್ಲೆಯ ಪೂರ್ವ ಭಾಗದವರು ಬೆಚ್ಚುತ್ತಾರೆ, ಅದಕ್ಕೆ ಕಾರಣವೂ ಇದೆ. ಹುನಗುಂದ, ಇಳಕಲ್ಲ ಕಡೆಯ ಹಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದ್ದು, ಅಲ್ಲಿ ಬೆಳೆದವರ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆಯೋ ಕಂದು ಪಟ್ಟೆಯೋ ಕಾಣುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಆ ಕಲೆ ಮೂಡುವುದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಬಾಲ್ಯದ ವರ್ಷಗಳಲ್ಲಿ, ನುಂಗಿದ ಫ್ಲೋರೈಡಿನಿಂದ. ಎನಾಮಲ್ ಪೂರ್ತಿ ಬೆಳೆದ ದೊಡ್ಡವರ ಹಲ್ಲಿಗೆ ಪೇಸ್ಟಿನಿಂದ ಅದು ಬರುವುದಿಲ್ಲ. ಆದ್ದರಿಂದ ಆ ಕಡೆಯವರಿಗೆ ನಾನು ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನೋ ನದಿಯ ನೀರನ್ನೋ ಕುಡಿಯಿರಿ, ಪೇಸ್ಟನ್ನು ಬಿಡಬೇಡಿ ಎಂದು ಹೇಳುತ್ತೇನೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ತಾಯಿಯೋ ತಂದೆಯೋ ಹಾಕಿ, ಎದುರಿಗೆ ನಿಂತು ಉಗುಳಿಸಬೇಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿ ಸುತ್ತುವ ಪೇಸ್ಟು ಕಂಪನಿಗೆ ಲಾಭ, ಮಗುವಿಗೆ ಅಲ್ಲ. ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ ಸುಮಾರು 1000 ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಭಾಗ) ಫ್ಲೋರೈಡ್ ಎಂದು ಬರೆದಿದೆಯೇ ಎಂದು ನೋಡಬೇಕು. ಗಿಡಮೂಲಿಕೆಯ ಹೆಸರಿನ ಅನೇಕ ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಬೇವಿನ ಕಡ್ಡಿಯ ಬಗ್ಗೆ ಕೇಳುವವರಿಗೆ ನಾನು ಬೇಡವೆನ್ನುವುದಿಲ್ಲ; ಚೆನ್ನಾಗಿ ಜಗಿದು ಕುಂಚ ಮಾಡಿ ಉಜ್ಜಿದರೆ ಪಾಚಿ ಹೋಗುತ್ತದೆ, ಆದರೆ ಒಳಬದಿಗೆ ಅದು ಎಟುಕುವುದು ಕಡಿಮೆ. ಬೂದಿ, ಇಟ್ಟಂಗಿಪುಡಿ, ಇದ್ದಿಲು ಮಾತ್ರ ಖಂಡಿತ ಬೇಡ. ಅವು ಹಲ್ಲನ್ನು ಬೆಳ್ಳಗೆ ಮಾಡುವುದು ಎನಾಮಲನ್ನು ತೇಯ್ದು. ಹಲ್ಲಿನ ಹುಳ ತೆಗೆಸುತ್ತೇವೆಂದು ನೆಲಗುಳ್ಳದ ಬೀಜದ ಹೊಗೆ ಹಿಡಿಸಿಕೊಂಡು ಬರುವವರೂ ಇದ್ದಾರೆ. ಹೊಗೆ ಹಿಡಿಸಿದ ಮೇಲೆ ಹುಳವೆಂದು ತೋರಿಸುವ, ನೀರಿನಲ್ಲಿ ತೇಲುವ ಬಿಳಿಯ ಎಳೆಗಳು ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆಗಳೇ ಹೊರತು ಬಾಯಿಂದ ಬಿದ್ದ ಹುಳಗಳಲ್ಲ.

ನನ್ನ ಕೆಲಸದಲ್ಲಿ ಹೆಚ್ಚು ಸಮಯ ಹೋಗುವುದು ತಾಯಂದಿರ ಜೊತೆ. "ಹಾಲಹಲ್ಲ ಹೆಂಗೂ ಬೀಳ್ತಾವಲ್ರಿ, ಅದಕ್ಯಾಕ ರೊಕ್ಕ ಹಾಕೂದು?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬಿದ್ದರೂ ಹಿಂದಿನ ದವಡೆ ಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೆ ಇರಬೇಕು. ಅವು ಊಟ ಅಗಿಯುವುದಕ್ಕೂ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದಕ್ಕೂ ಬೇಕು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆರನೆಯ ವರ್ಷದ ಸುಮಾರಿಗೆ ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ಹಲ್ಲು ಹುಟ್ಟುತ್ತದೆ. ಅದು ಜೀವನಪೂರ್ತಿ ಉಳಿಯಬೇಕಾದ ಮೊದಲ ಶಾಶ್ವತ ದವಡೆ ಹಲ್ಲು. ಹಲ್ಲು ಬೀಳದೇ ಬಂದದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು ಕೈಬಿಡುತ್ತಾರೆ, ಅದರ ಆಳವಾದ ಗೀರುಗಳಲ್ಲಿ ಹುಳುಕು ಕೂತು ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ ಕೀಳಿಸುವ ಹಂತಕ್ಕೆ ಬರುತ್ತದೆ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನ ಬ್ಯಾಟರಿ ಹಚ್ಚಿ, ಕೊನೆಯ ಹಾಲುಹಲ್ಲಿನ ಹಿಂದೆ ಬೆರಳಾಡಿಸಿ ನೋಡುವುದನ್ನು ನಾನು ತಾಯಂದಿರಿಗೆ ಅಲ್ಲೇ ಮಾಡಿಸಿ ಕಲಿಸುತ್ತೇನೆ. ಅರ್ಧ ಹುಟ್ಟಿದ ಆ ಹಲ್ಲು ಸಾಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ಷನ್ನು ಅಡ್ಡಲಾಗಿ, ಕೆನ್ನೆಯ ಕಡೆಯಿಂದ ಒಳಗೆ ಹಾಕಿ ಉಜ್ಜಬೇಕು. ಪೂರ್ತಿ ಹುಟ್ಟಿದ ಮೇಲೆ ಗೀರುಗಳನ್ನು ಸೀಲಂಟ್ ಎಂಬ ತೆಳು ಲೇಪದಿಂದ ಮುಚ್ಚಿಸಿದರೆ ಬಹುಕಾಲದ ಚಿಂತೆ ಕಳೆಯುತ್ತದೆ. ಅದಕ್ಕೆ ಕೊರೆಯುವುದೂ ಬೇಡ, ಸೂಜಿಯೂ ಬೇಡ.

ಅದೇ ರೀತಿಯಲ್ಲಿ ಎಳೆಯ ಮಗುವಿನ ಮೇಲ್ದುಟಿ ಎತ್ತಿ ನೋಡುವುದನ್ನೂ ಹೇಳಿಕೊಡುತ್ತೇನೆ. ವಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂತೆ ಬಿಳಿ ಕಂಡರೆ ಅದು ಹುಳುಕಿನ ಮೊದಲ ಹಂತ, ಆಗಲೇ ಎಚ್ಚೆತ್ತರೆ ತಿರುಗಿ ಸರಿಯಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಮೊದಲು ಕೆಡುತ್ತವೆ, ಕೆಳಗಿನವುಗಳಿಗೆ ನಾಲಿಗೆ ಮತ್ತು ಜೊಲ್ಲಿನ ಕಾವಲಿರುತ್ತದೆ. ಇಂಥ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚುತ್ತೇನೆ. ಕುಳಿ ಬಿದ್ದಿದ್ದು, ಮಗು ಯಂತ್ರದ ಸದ್ದಿಗೇ ಚೀರುವಂತಿದ್ದರೆ ಶೇಕಡಾ 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ತಡೆಯಬಹುದು. ಆದರೆ ಹುಳುಕಾದ ಭಾಗ ಕಪ್ಪಾಗುತ್ತದೆ ಎಂದು ಮೊದಲೇ ತೋರಿಸಿ ಒಪ್ಪಿಗೆ ಪಡೆಯುತ್ತೇನೆ.

ದೊಡ್ಡವರಲ್ಲಿ ಹಲ್ಲು ಹೋಗುವುದು ವಸಡಿನಿಂದಲೂ. ರಕ್ತ ಬರುತ್ತದೆಂದು ಅಲ್ಲಿ ಉಜ್ಜುವುದನ್ನೇ ಬಿಟ್ಟವರಿಗೆ, ರಕ್ತ ಬರುವುದು ಅಲ್ಲಿ ಪಾಚಿ ಉಳಿದಿರುವುದರಿಂದ, ಮೆತ್ತಗೆ ಉಜ್ಜುತ್ತ ಹೋದರೆ ಅದು ನಿಲ್ಲುತ್ತದೆ ಎಂದು ಹೇಳಬೇಕಾಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತವೆ ಎಂಬ ಹೆದರಿಕೆಯೂ ವ್ಯಾಪಕ. ಎಲುಬು ಕರಗಿ ಮೊದಲೇ ಸಡಿಲಾಗಿದ್ದ ಹಲ್ಲನ್ನು, ಪಾಚಿಯೇ ಗಟ್ಟಿಯಾಗಿ ಆದ ಕಿಟ್ಟ ಹಿಡಿದಿಟ್ಟಿರುತ್ತದೆ, ಕಿಟ್ಟ ತೆಗೆದಾಗ ಆ ಸಡಿಲು ತಿಳಿಯುತ್ತದೆ ಅಷ್ಟೇ.

ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಸೊಸೆಯಾಗಿ ಬಂದ ಕೆಲವು ಹೆಂಗಸರು ಮಿಶ್ರಿ ಎಂಬ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುತ್ತಾರೆ. ಇಲ್ಲಿಯೂ ಸಲದ ಲೆಕ್ಕವೇ ನನಗೆ ನೆರವಾಗುತ್ತದೆ: ಹಲ್ಲು ಶುದ್ಧವಾಗಲೆಂದು ಉಜ್ಜುವುದಾದರೆ ಎರಡು ಸಲ ಸಾಕಲ್ಲವೇ, ಐದಾರು ಸಲ ಏಕೆ ಬೇಕಾಗುತ್ತದೆ ಎಂದು ಕೇಳಿದಾಗ ಅದು ಚಟವೆಂದು ಅವರೇ ಹೇಳುತ್ತಾರೆ. ಅಡಿಕೆ, ತಂಬಾಕು ಜಗಿಯುವ ಪ್ರತಿಯೊಬ್ಬರಿಗೂ ತಮ್ಮ ಮೂರು ಬೆರಳುಗಳನ್ನು ನಿಲ್ಲಿಸಿ ಬಾಯೊಳಗೆ ಇಡಲು ಹೇಳುತ್ತೇನೆ; ಅಷ್ಟು ಬಾಯಿ ತೆರೆಯದಿದ್ದರೆ, ಖಾರ ತಾಗಿದರೆ ಉರಿಯುವಂತಿದ್ದರೆ, ಕೆನ್ನೆಯ ಒಳಪದರ ಬಿಗಿಯತೊಡಗಿದೆ ಎಂದು ಅರ್ಥ. ಎರಡು ವಾರ ದಾಟಿಯೂ ಮಾಯದ ಹುಣ್ಣಿಗೆ, ಕೆಂಪು ಅಥವಾ ಬಿಳಿ ಮಚ್ಚೆಗೆ, ಬಾಯಿ ಕ್ಯಾನ್ಸರಿನ ಶಂಕೆ ಇರುವುದರಿಂದ, ನಾನು ಮುಲಾಮು ಬರೆಯುವುದಿಲ್ಲ. ಅಂಥವರಿಗೆ ಬಾಗಲಕೋಟೆಯ ಪಿ.ಎಂ.ಎನ್.ಎಂ. ದಂತ ಕಾಲೇಜಿಗೋ ಬೆಳಗಾವಿಯ ಕೆ.ಎಲ್.ಇ. ವಿ.ಕೆ. ದಂತ ವಿಜ್ಞಾನ ಸಂಸ್ಥೆಗೋ ಅಂದೇ ಚೀಟಿ ಬರೆದುಕೊಡುತ್ತೇನೆ, ನೋವಿಲ್ಲವೆಂದು ಹೋಗುವುದನ್ನು ಮುಂದೂಡದಂತೆ ಮನೆಯ ಇನ್ನೊಬ್ಬರನ್ನು ಕರೆಸಿ ಅವರ ಎದುರಿಗೇ ಹೇಳುತ್ತೇನೆ.