ಗುರುತುಕಲ್ಲು ನೆಡುವ ಮೊದಲು ಗ್ರಾಮಸಭೆ: ಪವನ ವಿದ್ಯುತ್ ಯೋಜನೆ ರೂಪಿಸುವುದು ಹೇಗೆ?

ಗದಗ ಜಿಲ್ಲೆಯ ಎರೆಹೊಲಗಳಲ್ಲಿ ಊರವರು ‘ಫ್ಯಾನು’ ಎಂದೇ ಕರೆಯುವ ಗಾಳಿಯಂತ್ರಗಳು ಈಗ ಹೊಸ ನೋಟವೇನಲ್ಲ. ಆದರೂ ಯೋಜನೆಯ ಯಾವ ಹಂತದಲ್ಲಿ ಊರನ್ನು ಕೇಳಬೇಕು ಎಂಬ ಪ್ರಶ್ನೆ ಬಹುತೇಕ ತಡವಾಗಿಯೇ ಏಳುತ್ತದೆ.

ಮೊದಲ ಕೆಲಸ ಗಾಳಿಯನ್ನು ಅಳೆಯುವುದು. ವೇಗ ಇಮ್ಮಡಿಯಾದರೆ ಗಾಳಿಯಲ್ಲಿನ ಶಕ್ತಿ ಎಂಟು ಪಟ್ಟಾಗುವುದರಿಂದ, ಅಂದಾಜಿನ ಸಣ್ಣ ತಪ್ಪೂ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕಾಶೆ ಜಾಗ ಹುಡುಕುವುದಕ್ಕೆ ಸಾಕು, ಹಣ ಹೂಡುವುದಕ್ಕೆ ಸಾಲದು. ನಮ್ಮಲ್ಲಿ ಗಾಳಿ ಜೋರಾಗಿರುವುದು ಮುಂಗಾರಿನ ತಿಂಗಳುಗಳಲ್ಲಿ. ಆದ್ದರಿಂದ ಮಾಪನ ಕಂಬ ನೆಟ್ಟು ಕನಿಷ್ಠ ಒಂದು ಪೂರ್ತಿ ವರ್ಷ ಅಳೆಯಬೇಕು. ಊರಿನೊಡನೆ ಮಾತಾಡಲು ಸಿಗುವ ಅತ್ಯುತ್ತಮ ಕಾಲವೂ ಇದೇ.

ಅನಂತರ ಯಂತ್ರಗಳ ಜಾಗವನ್ನು ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ಗುರುತಿಸಿ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ ಮನೆಗಳಿಂದ 500 ಮೀಟರ್ ದೂರವಿರಬೇಕು. ರಸ್ತೆಯಿಂದ ಬಿಡಬೇಕಾದ ಅಂತರಕ್ಕೆ ಗೋಪುರದ ಎತ್ತರ, ರೆಕ್ಕೆಚಕ್ರದ ವ್ಯಾಸದ ಅರ್ಧ ಮತ್ತು 5 ಮೀಟರ್ ಕೂಡಿಸಬೇಕು: ಗೋಪುರ 120 ಮೀಟರ್, ವ್ಯಾಸ 130 ಮೀಟರ್ ಇದ್ದರೆ 190 ಮೀಟರ್. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿರುವುದರಿಂದ ಅದರ ಸುತ್ತ ಅರಣ್ಯ ಇಲಾಖೆಯ ಗಡಿಯನ್ನು ಮೊದಲೇ ನೋಡಿಕೊಳ್ಳುವುದು ಜಾಣತನ.

ಮೊದಲೇ ಪರಿಸರ ಅನುಮತಿ ಪಡೆಯಬೇಕಾದ ಯೋಜನೆಗಳನ್ನು ಹೆಸರಿಸುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಹಾಗಾಗಿ ಆ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆ ಇಂಥ ಯೋಜನೆಗಳಿಗೆ ಅನ್ವಯಿಸುವುದಿಲ್ಲ. ಕಾನೂನು ಕೇಳಲಿಲ್ಲವೆಂದು ಕಂಪನಿ ಸುಮ್ಮನಿದ್ದರೆ, ಊರಿಗೆ ಸುದ್ದಿ ತಲುಪುವುದು ಜಮೀನು ಮಧ್ಯವರ್ತಿಯ ಬಾಯಿಂದ, ಅದೂ ಅರೆಬರೆಯಾಗಿ. ಕರಾರುಗಳಿಗೆ ಸಹಿ ಬಿದ್ದ ಮೇಲೆ ಕರೆಯುವ ಸಭೆಯನ್ನು ಸಮಾಲೋಚನೆ ಎನ್ನಲಾಗದು, ಅದು ಬರೀ ತಿಳಿವಳಿಕೆ ಪತ್ರ.

ಸಭೆಯನ್ನು ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಇಡಬೇಡಿ. ಪಹಣಿಯಲ್ಲಿ ಹೆಸರಿರುವವರಷ್ಟೇ ಬಂದರೆ ಸಾಲದು. ಗೋಮಾಳದಲ್ಲಿ ಕುರಿ ಮೇಯಿಸುವವರು, ಕೂಲಿಯವರು ಮತ್ತು ಹೆಂಗಸರ ಮಾತು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ. ನಕಾಶೆಯನ್ನು ಗೋಡೆಗೆ ತೂಗುಹಾಕುವುದಕ್ಕಿಂತ ನೆಲಕ್ಕೆ ಹಾಸಿ, ‘ನಿಮ್ಮ ಹೊಲ ಯಾವುದು?’ ಎಂದು ಕೇಳಿ ನೋಡಿ. ಬಂಡಿದಾರಿ ಎಲ್ಲಿ, ಮಳೆನೀರು ಯಾವ ಬದುವಿನ ಕೆಳಗೆ ಹರಿದು ಹಳ್ಳ ಸೇರುತ್ತದೆ ಎಂಬುದನ್ನು ಊರವರೇ ಬೆರಳಿಟ್ಟು ತೋರಿಸುತ್ತಾರೆ. ತಂಟೆ ಹುಟ್ಟುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರ ದಾರಿಯಿಂದ: ಉದ್ದನೆಯ ರೆಕ್ಕೆಗಳನ್ನು ಹೊತ್ತ ಲಾರಿಗಾಗಿ ಮಣ್ಣು ಏರಿಸಿ ಕೆಳಗೆ ಪೈಪು ಹಾಕದೆ ಹೋದರೆ, ಮೇಲಿನ ಹೊಲದ ಎರೆಯಲ್ಲಿ ನೀರು ನಿಂತು ಕಡಲೆ ಕೊಳೆಯುತ್ತದೆ. ಪೆನ್ಸಿಲ್ ಗುರುತನ್ನು ಅಳಿಸಿ ಸರಿಸಬೇಕಾದುದು ಆಗಲೇ.

ಬಂದ ಆಕ್ಷೇಪಗಳನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿಯೊಂದಕ್ಕೂ ಏನು ಮಾಡಲಾಯಿತು ಎಂಬ ಉತ್ತರವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು.

ಕೊನೆಗೆ ಕರಾರು. ಅದು ಕನ್ನಡದಲ್ಲಿರಲಿ, ಸಹಿಗೆ ಮೊದಲು ಪ್ರತಿಯನ್ನು ರೈತ ಮನೆಗೊಯ್ದು ಓದಿಸಿಕೊಳ್ಳಲು ಸಮಯ ಸಿಗಲಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪನಿ ಕೈಬದಲಾದರೆ ಯಾರು ಹೊಣೆ, ಯಂತ್ರದ ಆಯುಸ್ಸು ಮುಗಿದ ಮೇಲೆ ನೆಲದೊಳಗಿನ ಕಾಂಕ್ರೀಟನ್ನು ಎಷ್ಟು ಆಳದವರೆಗೆ ಒಡೆದು ತೆಗೆಯಬೇಕು, ಆ ಖರ್ಚಿನ ಠೇವಣಿ ಎಲ್ಲಿದೆ ಎಂಬುದನ್ನು ಅಂಕಿಗಳಲ್ಲಿ ಬರೆಸಬೇಕು.